ಮೊದಲ ಸಹಿ

ಮೊನ್ನೆ ಮೆಟ್ಟಿಲ ಕೆಳಗಿನ ಮೀಟರ್ ಪೆಟ್ಟಿಗೆ ರಿಪೇರಿಗೆ ಬಂದವನು ಅದರ ಹಿಂದಿನಿಂದ ಒಂದು ಕಾಫಿ ಬೀಜ ತೆಗೆದು ನನ್ನ ಅಂಗೈಗೆ ಹಾಕಿದ. ಹುರಿಯದ ಬೀಜ, ಹಳೆಯ ಹಲ್ಲಿನ ಬಣ್ಣಕ್ಕೆ ತಿರುಗಿತ್ತು. ಸಕಲೇಶಪುರದಲ್ಲಿ ಕಾಫಿ ಬೀಜ ಸಿಕ್ಕುವುದು ಸಮುದ್ರದಲ್ಲಿ ಉಪ್ಪು ಸಿಕ್ಕಷ್ಟೇ ದೊಡ್ಡ ಸುದ್ದಿ. ಆದರೂ ಎಸೆಯಲಾಗಲಿಲ್ಲ. ಅದು ಒಂಬತ್ತನೇ ಮನೆಯ ಟೀಚರದು...

ನಮ್ಮದು ಹನ್ನೆರಡು ಮನೆಗಳ ವಸತಿ ಸೊಸೈಟಿ. ಅದಕ್ಕೊಂದು ಕಮಿಟಿ, ಕಮಿಟಿಗೊಂದು ನಿಯಮಾವಳಿ, ನಿಯಮಾವಳಿಯನ್ನು ಕಾಯಲು ಸೆಕ್ರೆಟರಿಯಾಗಿ ನಾನು. ಕಚೇರಿಯಲ್ಲಿ ಆಯುಷ್ಯ ಸವೆಸಿ ನಿವೃತ್ತನಾದವನ ಕೈಗೆ ಇಂಥ ಹುದ್ದೆ ಕೊಟ್ಟವರ ಧೈರ್ಯವನ್ನು ಮೆಚ್ಚಲೇಬೇಕು.

ಟೀಚರ್ ಬಾಡಿಗೆಗೆ ಬಂದವರು, ಒಂಟಿ ಹೆಂಗಸು. ದಿನಾ ಸಂಜೆ ಮುಂದಿನ ಕೋಣೆಯಲ್ಲಿ ಚಾಪೆ ಹಾಸಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದರು. ಅವರ ಅನ್ನದ ದಾರಿ ಅದೊಂದೇ. ಮಗುವಿಗೊಂದು ಹಿಡಿ ಹಸಿ ಕಾಫಿ ಬೀಜ ಕೊಟ್ಟು, ಗುಣಾಕಾರ ಭಿನ್ನರಾಶಿಗಳನ್ನೆಲ್ಲ ಅದರಲ್ಲೇ ಕಲಿಸುತ್ತಿದ್ದರು. ನನ್ನ ಮೊಮ್ಮಗಳು ಅಲ್ಲಿಗೆ ಹೋದ ತಿಂಗಳಲ್ಲೇ ಮನೆಯ ಚಕ್ಕುಲಿಗಳನ್ನು ಎಂಟರಲ್ಲಿ ಮೂರು ಪಾಲು, ಎಂಟರಲ್ಲಿ ಐದು ಪಾಲು ಎಂದು ಹಂಚತೊಡಗಿದಳು. ಐದು ಪಾಲು ಯಾವಾಗಲೂ ಅವಳದೇ.

ಮಕ್ಕಳ ಜೇಬಿನಿಂದ ಬೀಜ ಮೆಟ್ಟಿಲ ಮೇಲೆ ಉದುರುತ್ತಿತ್ತು. ಒಂದು ಸಂಜೆ ಒಂದನೇ ಮನೆಯ ಯಜಮಾನರು, ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿ ನಿವೃತ್ತರಾದವರು, ಅದರ ಮೇಲೆ ಕಾಲಿಟ್ಟು ಮೂರನೇ ಮೆಟ್ಟಿಲಲ್ಲಿ ಕೂತುಬಿಟ್ಟರು. ಮೂಳೆಗೇನೂ ಆಗಲಿಲ್ಲ, ಏಟು ಬಿದ್ದದ್ದು ಮಾನಕ್ಕೆ.

"ಜೀವಮಾನೆಲ್ಲ ಸ್ಟೋರಲ್ಲಿ ಕಾಫಿ ಮೇಲೇ ನಡ್ದೋನು ನಾನು. ಇಲ್ಬಂದು ಬಿದ್ಬುಟ್ನಲ್ಲ ಮಾರಾಯ್ರೆ!" ಎಂದವರು ಆಮೇಲೆ ಲಿಖಿತ ದೂರನ್ನೂ ಕೊಟ್ಟರು.

ಒಂದು ಪೊರಕೆಯಲ್ಲಿ ಮುಗಿಯುವ ವಿಷಯ. ನಾನು ಸಭೆ ಕರೆದೆ. ಮನೆಯಲ್ಲಿ ವ್ಯವಹಾರ ನಡೆಸಕೂಡದೆಂಬ ನಿಯಮವನ್ನು ಕನ್ನಡಕ ಒರೆಸಿಕೊಂಡು ಓದಿದೆ. ಉಳಿದ ಹನ್ನೊಂದು ಮನೆಯವರೂ ತಿಂಗಳೊಳಗೆ ಸಹಿ ಹಾಕಿ ಒಪ್ಪಿದರೆ ಪಾಠ ನಡೆಯಬಹುದು, ಇಲ್ಲವಾದರೆ ನಿಲ್ಲಬೇಕು ಎಂದು ಠರಾವಾಯಿತು. ಹಾಸನದಲ್ಲಿದ್ದ ಟೀಚರ ಮನೆ ಮಾಲೀಕನೂ ಫೋನಿನಲ್ಲಿ, ಒಪ್ಪಿಗೆ ಸಿಗದಿದ್ದರೆ ಮನೆ ಖಾಲಿ ಮಾಡಿ ಎಂದುಬಿಟ್ಟ. ಸ್ಕೇಲಿಟ್ಟು ಹನ್ನೊಂದು ಗೆರೆ ಎಳೆದ ಹಾಳೆಯನ್ನು ನಾನೇ ಟೀಚರ ಕೈಗೆ ಕೊಟ್ಟೆ. ಗೆರೆಗಳು ಬಹಳ ನೇರವಾಗಿದ್ದವು.

ಅವರು ಅಂದಿನಿಂದಲೇ ಬೀಜಗಳನ್ನು ಮುಚ್ಚಳದ ಡಬ್ಬಿಗೆ ಹಾಕಿಟ್ಟರು, ಪಾಠ ಮುಗಿದ ಮೇಲೆ ಮೂರೂ ಮಹಡಿಯ ಮೆಟ್ಟಿಲು ಗುಡಿಸಿದರು, ಆಮೇಲೆ ಹಾಳೆ ಹಿಡಿದು ಮನೆಮನೆಗೆ ಹೋದರು. ಯಾರೂ ಬೇಡವೆನ್ನಲಿಲ್ಲ. ದೂರು ಕೊಟ್ಟ ರೈಟರೇ, "ನಂದೇನೂ ತಕರಾರಿಲ್ಲ ಕಣಮ್ಮ. ಬಿದ್ದೋನೇ ಮೊದ್ಲು ಹಾಕಿದ್ರೆ ನಗ್ತಾರೆ. ಎಲ್ರೂ ಹಾಕ್ಲಿ, ಕೊನೇಗೆ ನಂದು ಐತೆ ಅಂತ ತಿಳ್ಕೊಳಿ" ಎಂದು ಕಾಫಿ ಕೊಟ್ಟು ಕಳಿಸಿದರು. ಐದನೇ ಮನೆಯವರು ಹಿರಿಯರು ಹಾಕಲಿ ಎಂದರು, ಹಿರಿಯರು, ಪಾಠಕ್ಕೆ ಮಕ್ಕಳನ್ನು ಕಳಿಸುವವರು ಹಾಕಲಿ ಎಂದರು. ಎಲ್ಲ ಕಡೆ ಕಾಫಿ ಸಿಕ್ಕಿತು, ಸಹಿ ಸಿಗಲಿಲ್ಲ.

ನನ್ನಲ್ಲಿಗೂ ಬಂದರು. "ಸೆಕ್ರೆಟರಿ ಕೊನೆಯಲ್ಲಿ ಸಹಿ ಮಾಡಿ ಮೊಹರು ಹಾಕುವುದು ಕ್ರಮ" ಎಂದೆ.

"ಮೊಮ್ಮಗಳು ಬರ್ತಾಳಲ್ಲ ಸಾರ್?"

"ಅದಕ್ಕೇ. ನಾನೇ ಮೊದಲು ಹಾಕಿದರೆ ಪಕ್ಷಪಾತ ಅಂತಾರೆ."

ಒಳಗಿಂದ ನನ್ನ ಹೆಂಡತಿ, "ಪಂಕ್ತೀಲಿ ಕೂತು ಎಲ್ಲಾರೂ 'ನೀವು ಶುರು ಮಾಡಿ, ನೀವು ಶುರು ಮಾಡಿ' ಅಂತಿದ್ರೆ ಅನ್ನ ಆರಿಹೋಗುತ್ತೆ ಕಣ್ರೀ. ಪೆನ್ನಿನ ಮುಚ್ಚಳ ತೆಗೀರಿ" ಎಂದಳು. ತೆಗೆಯಲಿಲ್ಲ. ಕ್ರಮ ದೊಡ್ಡದು ನೋಡಿ.

ತಿಂಗಳ ಕೊನೆಯ ದಿನ ಟೀಚರ್ ಹಾಳೆ ವಾಪಸ್ಸು ತಂದರು. ಕೈಯಿಂದ ಕೈಗೆ ಹೋಗಿ ಮಡಿಕೆ ಸವೆದಿತ್ತು, ಗೆರೆಗಳು ಹಾಗೇ ಖಾಲಿ.

"ಇದನ್ನ ಮಕ್ಕಳಿಗೆ ಲೆಕ್ಕವಾಗಿ ಕೊಡೋಣ ಅನ್ಕೊಂಡೆ ಸಾರ್," ಎಂದರು. "ಹನ್ನೊಂದು ಜನಾನೂ ಸಾಲಿನ ಕೊನೇಲೇ ನಿಲ್ಲಬೇಕು ಅಂತಾರೆ. ಸಾಲು ಎಲ್ಲಿಂದ ಶುರುವಾಗುತ್ತೆ?"

ನಗುತ್ತಲೇ ಕೇಳಿದರು. ನನ್ನ ಪೆನ್ನು ಜೇಬಿನಲ್ಲೇ ಇತ್ತು...

ಮರುದಿನ ಗೂಡ್ಸ್ ಆಟೋದಲ್ಲಿ ಚಾಪೆ, ಪಾತ್ರೆ, ಬೀಜದ ಡಬ್ಬಿ ಹೇರಿಕೊಂಡು ಬೆಳಗೋಡಿನ ಅಕ್ಕನ ಮನೆಗೆ ಹೋದರು. ಅಲ್ಲಿ ಜಗಲಿಯ ಮೇಲೆ ನಾಲ್ಕು ಮಕ್ಕಳಿಗೆ ಹೇಳಿಕೊಡುತ್ತಾರಂತೆ ಎಂದು ಯಾರೋ ಅಂದರು. ಹೋಗಿ ಮಾತಾಡಿಸಬೇಕು ಎಂದುಕೊಂಡೆ. ಬೆಳಗೋಡಿನ ಬಸ್ಸು ನಮ್ಮ ಗೇಟಿನ ಮುಂದೆಯೇ ಹಾದುಹೋಗುತ್ತದೆ. ಎಷ್ಟು ವರ್ಷ ಹಾದುಹೋಯಿತೋ.

ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂತು. ಸೊಸೈಟಿಯಿಂದ ಸಂತಾಪಪತ್ರ ಕಳಿಸಬೇಕೆಂದು ಎಲ್ಲರೂ ಹೇಳಿದರು. ಬರೆದು, ಮತ್ತೆ ಸ್ಕೇಲಿಟ್ಟು ಗೆರೆ ಎಳೆದೆ. ರೈಟರು ಕಂಬಿ ಹಿಡಿದು ಎರಡು ಮಹಡಿ ಹತ್ತಿ ಬಂದರು. "ಮೊದಲ್ನೇದು ನಂದೇ ಇರ್ಲಿ ಕಣ್ರೀ," ಎಂದು ಸಹಿ ಹಾಕಿ, ಮೂಗೊರೆಸಿಕೊಂಡು ಇಳಿದುಹೋದರು. ಒಂಬತ್ತನೇ ಮನೆಗೆ ಹೊಸದಾಗಿ ಬಂದವರೂ, ಟೀಚರ ಮುಖವನ್ನೇ ಕಾಣದವರು, ಹಾಕಿದರು. ಮಧ್ಯಾಹ್ನದ ಊಟದ ಹೊತ್ತಿಗೆ ಹಾಳೆ ತುಂಬಿತ್ತು. ಕೊನೆಯಲ್ಲಿ, ಕ್ರಮದಂತೆ, ನಾನು ಸಹಿ ಮಾಡಿ ಮೊಹರು ಒತ್ತಿದೆ.

ಅವರ ಅಕ್ಕನ ವಿಳಾಸ ಬರೆದ ಲಕೋಟೆ ಇನ್ನೂ ಮೇಜಿನ ಮೇಲೇ ಇದೆ. ಹಾರದಿರಲಿ ಎಂದು ಆ ಬೀಜವನ್ನು ಅದರ ಮೇಲಿಟ್ಟಿದ್ದೇನೆ. ಒಳಗೆ ಹನ್ನೆರಡು ಸಹಿ, ಒಂದೂ ಕಡಿಮೆಯಿಲ್ಲ. ನಿಯಮದ ಪ್ರಕಾರ ಎಲ್ಲವೂ ಸರಿಯಾಗಿದೆ. ಅಂಚೆಗೆ ಹಾಕಲು ಮಾತ್ರ ಕೈ ಬರುತ್ತಿಲ್ಲ.