ಮಣ್ಣಿಗೆ ಮುಚ್ಚಳ ಹಾಕುವ ಅಕ್ಕ

ಆಕೆಯನ್ನು ಎಲ್ಲರೂ ಕರೆಯುತ್ತಿದ್ದುದು ಮುಚ್ಚಳದಕ್ಕ ಎಂದು. ಮೊದಲು ಬಟ್ಟೆ ಅಂಗಡಿಯಲ್ಲಿ ಥಾನು ಬಿಚ್ಚಿ ಮಡಿಸುತ್ತಿದ್ದವಳು, ಅಂಗಡಿ ಮುಚ್ಚಿದ ಮೇಲೆ ಮಣ್ಣು ಪರೀಕ್ಷಿಸುವ ಸಂಸ್ಥೆಗೆ ಸಹಾಯಕಿಯಾಗಿ ಸೇರಿದಳು. ಕಾಡಿನಲ್ಲೂ ಹೊಲದಲ್ಲೂ ನೆಲಕ್ಕೆ ಹೂತ ಉಕ್ಕಿನ ಬಳೆಗಳಿದ್ದವು. ಅವುಗಳ ಮೇಲೆ ಬಕೆಟ್ಟಿನಂಥ ಮುಚ್ಚಳ ಕವುಚಿ, ಆಗಾಗ ಒಳಗಿನ ಗಾಳಿಯನ್ನು ಸಿರಿಂಜಿನಿಂದ ಎಳೆದು ಪುಟ್ಟ ಸೀಸೆಗಳಿಗೆ ತುಂಬುವುದು ಅವಳ ಕೆಲಸ.

ಗಂಡನದು ಕ್ಷೌರದಂಗಡಿ. ಬಾಯಿ ಸುಮ್ಮನಿರದ ಮನುಷ್ಯ.

“ಖಾಲಿ ಸೀಸೆ ತಗೊಂಡು ಹೋಗ್ತೀಯ, ಖಾಲಿ ಸೀಸೆ ತಗೊಂಡು ಬರ್ತೀಯ. ಇದಕ್ಕೂ ಸಂಬಳ ಕೊಡ್ತಾರಲ್ಲ, ಪುಣ್ಯಾತ್ಮರು,” ಎಂದು ಕಾಲೆಳೆಯುತ್ತಿದ್ದ.

“ನೀವು ಕಣ್ಣಿಗೆ ಕಾಣೋದನ್ನ ಕತ್ತರಿಸಿ ಗುಡಿಸಿ ಹಾಕ್ತೀರಿ. ನಾನು ಕಾಣದೇ ಇರೋದನ್ನ ಹಿಡಿದು ತರ್ತೀನಿ. ಯಾರದ್ರೀ ಕಷ್ಟದ ಕೆಲಸ?” ಎನ್ನುತ್ತಿದ್ದಳು ಅವಳು.

ಕಾಣದೇ ಇರುವುದು ಎಂದರೆ ಮೀಥೇನ್. ಹಸುವಿನ ತೇಗಿನಲ್ಲಿ, ಕೆಸರಿನ ಗುಳ್ಳೆಯಲ್ಲಿ ಹೊರಬಂದು ಭೂಮಿಯನ್ನು ಬಿಸಿಯಾಗಿಸುವ ಅನಿಲ. ಆದರೆ ಮಣ್ಣಿನಲ್ಲಿರುವ ಕೆಲವು ಸೂಕ್ಷ್ಮಜೀವಿಗಳಿಗೆ ಅದೇ ಆಹಾರ. ಕಾಡಿನ ಸಡಿಲ ಮಣ್ಣಿನೊಳಗೆ ಗಾಳಿ ಸಲೀಸಾಗಿ ಓಡಾಡುವುದರಿಂದ ಅವು ಚೆನ್ನಾಗಿ ತಿನ್ನುತ್ತವೆ. ಉತ್ತು ಗೊಬ್ಬರ ಹಾಕಿದ ಹೊಲದಲ್ಲಿ ಅಷ್ಟಿಲ್ಲ. ಸಂಸ್ಥೆಯ ಮೇಡಂ ಇದನ್ನು ಹೇಳಿಕೊಟ್ಟ ದಿನದಿಂದ ಮುಚ್ಚಳದಕ್ಕನಿಗೆ ನೆಲದ ಮೇಲೆ ಎಲ್ಲಿಲ್ಲದ ಅಕ್ಕರೆ. ಗಂಡನ ಅಂಗಡಿಗೆ ಹೋದರೆ, ಮುಖಕ್ಕೆ ನೊರೆ ಹಚ್ಚಿಸಿಕೊಂಡು ಅಲ್ಲಾಡಲಾರದೆ ಕೂತವರಿಗೆಲ್ಲ ಅದನ್ನೇ ಹೇಳುತ್ತಿದ್ದಳು.

ಹೀಗಿರುವಾಗ ಕಾಡಿನ ತಗ್ಗಿನ ಭಾಗದ ಲೆಕ್ಕ ತಲೆಕೆಳಗಾಯಿತು. ಅಲ್ಲಿನ ನೆಲ ಮೀಥೇನ್ ತಿನ್ನುವುದು ಬಿಟ್ಟು ಉಗುಳತೊಡಗಿತ್ತು. “ಮುಚ್ಚಳ ಸರಿ ಕೂತಿಲ್ವೇನೋ, ಇನ್ನೊಂದ್ಸಲ ನೋಡಿ,” ಎಂದರು ಮೇಡಂ. ನೋಡಿದಳು. ಅದೇ ಫಲಿತಾಂಶ. ತನ್ನ ಕೈಕೆಲಸದ ಮೇಲೆ ಮಾತು ಬಂತೆಂದು ಅವಳ ಮೂಗಿನ ತುದಿಗೆ ಸಿಟ್ಟು ಬಂತು. ಕಾಡಿನ ಬೇಲಿಯಾಚೆ ಹಾಲಿನವನ ಹುಲ್ಲುಗಾವಲಿತ್ತು. ಕಳ್ಳ ಸಿಕ್ಕಿದ ಎಂದುಕೊಂಡು ಸರಸರನೆ ನಡೆದಳು.

ಹಾಲಿನವನು ಕೊಟ್ಟಿಗೆ ತೊಳೆಯುತ್ತಿದ್ದ.

“ಅಣ್ಣ, ನಿಮ್ಮ ಹಸುಗಳು ಬೇಲಿ ದಾಟಿ ಬಂದು ನನ್ನ ಬಳೆಗಳ ಪಕ್ಕ ತೇಗ್ತಾ ಮಲಗ್ತವೆ. ನನ್ನ ಕೆಲಸ ಎಲ್ಲ ಹಾಳಾಯ್ತು.”

“ಏನಮ್ಮ, ತೇಗಿದ್ದಕ್ಕೂ ದೂರಾ?” ಅವನು ಪೊರಕೆ ಕೆಳಗಿಟ್ಟ. “ಬೇಲಿ ನೋಡ್ಕೊಂಡು ಬಾ. ಒಂದು ತಂತಿ ಸಡಿಲ ಇದ್ರೆ ಆಮೇಲೆ ಮಾತಾಡು.”

ಮಾತಿಗೆ ಮಾತು ಬೆಳೆಯಿತು. ಅವನ ವಂಶದವರೇ ಮೊಂಡರು ಎಂದು ಇವಳು, ಸರ್ಕಾರಿ ಸಂಬಳ ತಿಂದು ಗಾಳಿ ಎಣಿಸುವವಳು ಎಂದು ಅವನು. ಇಬ್ಬರೂ ಮುಖ ತಿರುಗಿಸಿಕೊಂಡರು.

ಮರುದಿನ ಮೇಡಂ ಮಣ್ಣು ಕೊರೆಯುವ ಕೊಳವೆ ಹಿಡಿದು ತಾವೇ ಬಂದರು. ಇಬ್ಬರೂ ಸೇರಿ ತಗ್ಗಿನಲ್ಲಿ ಕೊರೆದರೆ, ಬೂದು ಬಣ್ಣದ ಜೇಡಿಮಣ್ಣು, ಕೊಳೆತ ವಾಸನೆ, ಗುಂಡಿಯ ತುಂಬ ನೀರು. ಮಳೆಯಾಗಿ ತಿಂಗಳುಗಳೇ ಕಳೆದಿದ್ದವು. ಒದ್ದೆಯ ಜಾಡು ಹಿಡಿದು ಏರಿದಾಗ, ಊರಿನ ಹೊಸ ಈಜುಕೊಳಕ್ಕೆ ನೀರು ಒಯ್ಯುವ ಕೊಳವೆ ನೆಲದೊಳಗೆ ಒಡೆದಿರುವುದು ಗೊತ್ತಾಯಿತು.

“ಮೇಲೆ ಮರಳುಮಣ್ಣು, ನೀರು ನಿಲ್ಲಲ್ಲ,” ಎಂದರು ಮೇಡಂ. “ಕೆಳಗಿನ ಜೇಡಿ ಹಿಡ್ಕೊಂಡು ಕೂತ್ಬಿಡುತ್ತೆ. ಗಾಳಿ ಇಲ್ದೆ, ಮೀಥೇನ್ ತಿನ್ನೋ ಜೀವಿಗಳು ಸೋತ್ವು. ಗಾಳಿ ಬೇಡದೆ ಮೀಥೇನ್ ಮಾಡೋವು ಎದ್ದು ಕೂತ್ವು.”

ಮುಚ್ಚಳದಕ್ಕನ ಮುಖ ಚಿಕ್ಕದಾಯಿತು. “ನಾನು ನಿನ್ನೆ ಹಸುಗಳನ್ನ ಬೈದು ಬಂದೆ, ಮೇಡಂ.”

“ಹಸುಗಳನ್ನೇ?”

“ಅವುಗಳ ಯಜಮಾನರನ್ನೂ ಸೇರಿಸಿ.”

ಸಂಜೆ ತಪ್ಪೊಪ್ಪಿಕೊಳ್ಳಲು ಹೋದಾಗ ಹಾಲಿನವನು ತಲೆಯೆತ್ತಲಿಲ್ಲ. “ನನಗಲ್ಲ, ಬೈಸಿಕೊಂಡವರಿಗೆ ಹೇಳು,” ಎಂದ. ಅವಳು ಹಿಂದುಮುಂದು ನೋಡದೆ ಕೊಟ್ಟಿಗೆಗೆ ಹೋಗಿ, ಮೆಲುಕು ಹಾಕುತ್ತಿದ್ದ ಹಸುಗಳ ಮುಂದೆ ನಿಂತು, “ತಪ್ಪಾಯ್ತು ಕಣ್ರಮ್ಮ,” ಎಂದಳು. ಹಾಲಿನವನಿಗೆ ನಗು ತಡೆಯಲಾಗಲಿಲ್ಲ. ಒಂದು ಲೋಟ ಬಿಸಿ ಹಾಲು ತಂದುಕೊಟ್ಟು, “ನನ್ನ ನೆಲ ಏನು ತಿನ್ನುತ್ತೆ, ಅದನ್ನೂ ಒಂದ್ಸಲ ನೋಡ್ಬಿಡು ತಂಗಿ,” ಎಂದ.

ಮೇಡಂ ಒಪ್ಪಿದರು. ಹುಲ್ಲುಗಾವಲಿನಲ್ಲೂ ಬಳೆಗಳು ಬಂದವು. ನೀರಿನ ತೊಟ್ಟಿಯ ಬಳಿ ಹಸುಗಳು ತುಳಿದು ತುಳಿದು ನೆಲ ಸಿಮೆಂಟಿನಂತಾಗಿತ್ತು. ಅದು ತಿನ್ನುತ್ತಿದ್ದುದು ಇಲ್ಲವೆನ್ನುವಷ್ಟು. ಆಚೆ ಇಳಿಜಾರಿನಲ್ಲಿ, ಅವನ ತಂದೆಯ ಕಾಲದಿಂದ ನೇಗಿಲು ಕಾಣದ ಹುಲ್ಲಿನಡಿಯಲ್ಲಿ, ಹೆಚ್ಚುಕಡಿಮೆ ಕಾಡಿನಷ್ಟೇ ಹಸಿವು.

“ಹಾಗಾದ್ರೆ ನನ್ನ ಹಸುಗಳು ಬಿಟ್ಟಿದ್ದನ್ನೆಲ್ಲ ಈ ಇಳಿಜಾರು ತಿಂದ್ಬಿಡುತ್ತಾ?” ಹಾಲಿನವನು ಆಸೆಯಿಂದ ಕೇಳಿದ.

“ಎಲ್ಲಿ ಬಂತು ಅಣ್ಣ. ಒಂದು ತುತ್ತು ತಿನ್ನಬಹುದು, ಅಷ್ಟೇ.”

ಅವನು ಗಡ್ಡ ಕೆರೆದುಕೊಂಡ. ಮೇವಿನ ಜೋಳಕ್ಕಾಗಿ ಆ ಇಳಿಜಾರನ್ನೇ ಉಳುವ ಯೋಚನೆ ಅವನಿಗಿತ್ತು. “ಉತ್ತರೆ?”

“ಆ ತುತ್ತೂ ಹೋಗುತ್ತೆ. ಮತ್ತೆ ಬರೋಕೆ ಎಷ್ಟೋ ದಶಕ ಬೇಕಂತೆ. ಅಷ್ಟೊತ್ತಿಗೆ ನಾನೂ ಇರಲ್ಲ, ನೀವೂ ಇರಲ್ಲ.”

ಬಿತ್ತನೆಯ ಕಾಲಕ್ಕೆ ಹಾಲಿನವನ ಟ್ರ್ಯಾಕ್ಟರ್ ರಸ್ತೆ ಪಕ್ಕದ, ಹಿಂದೆಯೂ ಉತ್ತಿದ್ದ ತುಂಡಿನಲ್ಲಿ ಓಡಾಡಿತು. ಕಾರಣ ಕೇಳಿದರೆ, “ಇಳಿಜಾರಲ್ಲಿ ಡೀಸೆಲ್ ಜಾಸ್ತಿ ಕುಡಿಯುತ್ತೆ,” ಎಂದ. ಅವಳು ಕೆದಕಲು ಹೋಗಲಿಲ್ಲ.

ಈಜುಕೊಳದ ಕೊಳವೆ ರಿಪೇರಿಯಾಯಿತು. ಕಾಡಿನ ತಗ್ಗು ಇನ್ನೂ ಒಣಗುತ್ತಲೇ ಇದೆ. ಉಗುಳುವುದನ್ನು ಬಿಟ್ಟಿದೆ, ತಿನ್ನಲು ಶುರುಮಾಡಿಲ್ಲ. ಈಗ ಮುಚ್ಚಳದಕ್ಕ ಇಳಿಜಾರಿನಲ್ಲಿ ಬಳೆಯ ಪಕ್ಕ ಕೂತಿದ್ದರೆ ಹಾಲಿನವನು ಬಂದು ಕುಕ್ಕರಗಾಲಲ್ಲಿ ಕೂರುತ್ತಾನೆ, ಪಿಸುಪಿಸು ಮಾತಾಡುತ್ತಾನೆ.

“ಜೋರಾಗೇ ಮಾತಾಡಿ ಅಣ್ಣ,” ಎನ್ನುತ್ತಾಳೆ ಅವಳು, “ಮಣ್ಣೊಳಗಿನ ಜೀವಿಗಳಿಗೆ ಕಿವಿ ಇಲ್ಲ.”

“ಇರ್ಲಿ ಬಿಡು,” ಎನ್ನುತ್ತಾನೆ ಅವನು, ಮೆಲ್ಲಗೆ. “ಊಟದ ಹೊತ್ತು.”