ಮೊದಲು ಮೂರು ಕಳೆಯಬೇಕಿತ್ತು

ತುಂಬಿದ ಕ್ಲಾಸಿನಲ್ಲಿ ನಾನು ಗಣಿತದ ಸರ್‌ಗೆ ಎದುರು ಮಾತಾಡಿದೆ, ಅದಕ್ಕೇ ಹುಕ್ಕೇರಿಯ ಗಣಿತ ಸ್ಪರ್ಧೆ ಕೈತಪ್ಪಿತು ಎಂದು ಮಮದಾಪುರದ ನಮ್ಮ ಮನೆಯವರೇ ಹೇಳುತ್ತಾರೆ. ಸುಳ್ಳು. ಸ್ಪರ್ಧೆ ತಪ್ಪಿದ್ದು ಮೊದಲು, ಮಾತಾಡಿದ್ದು ಆಮೇಲೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದಕ್ಕೇ ಇಡೀ ಜಗಳ ನಡೆದದ್ದು.

ಗೋಕಾಕದ ಕಾಲೇಜಿನಲ್ಲಿ ನಾವು ಓದುತ್ತಿದ್ದದ್ದು ಪುಸ್ತಕವನ್ನಲ್ಲ, ಸರ್ ಅವರ ನೋಟ್ಸನ್ನು. ಹಿಂದಿನ ಬ್ಯಾಚಿನವರ ಪ್ರತಿಯಿಂದ ಝೆರಾಕ್ಸ್, ಅವರಿಗೆ ಅದರ ಹಿಂದಿನವರಿಂದ. ಯಾರದೋ ಚಹಾ ಕಪ್ಪಿನ ಕಲೆ ಕೂಡ ವರ್ಷವರ್ಷ ತಪ್ಪದೆ ಇಳಿದು ಬರುತ್ತಿತ್ತು. ಅದರ ಕೆಳಗೇ ಒಂದು ತಪ್ಪು ಉತ್ತರ. ಅದನ್ನೂ ಎಲ್ಲರೂ ಬಾಯಿಪಾಠ ಮಾಡುತ್ತಿದ್ದರು.

ಸ್ಪರ್ಧೆಗೆ ಕಾಲೇಜಿನಿಂದ ಇಬ್ಬರು, ಆರಿಸಲು ಒಂದು ಪರೀಕ್ಷೆ. (0, 3) ಮತ್ತು (5, 13) ಬಿಂದುಗಳ ಮೂಲಕ ಹಾಯುವ ರೇಖೆಯ ಸಮೀಕರಣ ಬರೆದು, ಆ ಫಂಕ್ಷನ್ನಿನ ಇನ್‌ವರ್ಸ್ ಕಂಡುಹಿಡಿಯಬೇಕಿತ್ತು. ಐದು ಹೆಜ್ಜೆಗೆ ಹತ್ತು ಏರಿದೆ, ಸ್ಲೋಪ್ ಎರಡು; y = 2x + 3. ಇಲ್ಲಿಯವರೆಗೆ ತಕರಾರಿಲ್ಲ. ಇನ್‌ವರ್ಸ್ ಎಂದರೆ ಬಂದ ದಾರಿಯಲ್ಲೇ ತಿರುಗಿ ಹೋಗುವುದು. ಕೊನೆಗೆ ಕೂಡಿಸಿದ ಮೂರನ್ನು ಮೊದಲು ಕಳೆಯಬೇಕು, ಆಮೇಲೆ ಎರಡರಿಂದ ಭಾಗಿಸಬೇಕು. ನೋಟ್ಸಿನಲ್ಲಿ ಮೊದಲು ಭಾಗಾಕಾರ, ಆಮೇಲೆ ಕಳೆಯುವುದು. ನಾನು ನನ್ನದನ್ನೇ ಬರೆದೆ. ಆ ಪ್ರಶ್ನೆಗೆ ಸೊನ್ನೆ ಬಂತು, ಗೋಡೆಯ ಪಟ್ಟಿಯಲ್ಲಿ ನನ್ನ ಹೆಸರು ಮೂರನೆಯದು. ಪಕ್ಕದಲ್ಲಿ ಕೂರುತ್ತಿದ್ದ ಕೌಜಲಗಿಯ ಗೆಳತಿ, ಹಿಂದಿನ ವಾರ ಸರಿ ಉತ್ತರವನ್ನು ನನಗೇ ಬಿಡಿಸಿ ತೋರಿಸಿದ್ದವಳು, ನೋಟ್ಸಿನದನ್ನು ಬರೆದು ಆಯ್ಕೆಯಾದಳು. ಕೇಳಿದರೆ, "ನಾ ಹೋಗಬೇಕಾಗಿದ್ದು ಹುಕ್ಕೇರಿಗೆ, ಸತ್ಯಕ್ಕಲ್ಲ" ಎಂದಳು.

ನಮ್ಮ ಕಾಕಾ ಏಳನೇ ತರಗತಿ ದಾಟಿಲ್ಲ. ಹೊಲದ ತೊಟ್ಟಿಯಲ್ಲಿ ಮೂರು ಬೆರಳು ನೀರಿರುವಾಗ ಮನೆಗೆ ಬರುತ್ತಾರೆ. ಕರೆಂಟು ಬಂದಾಗ ಮೋಟರು ತಾನೇ ಶುರುವಾಗಿ ತಾಸಿಗೆ ಎರಡು ಬೆರಳು ಏರಿಸುತ್ತದೆ. ಮರಳಿ ಹೋಗಿ ಕೋಲು ಅದ್ದಿದರೆ ಹದಿಮೂರು ಬೆರಳು. ಕರೆಂಟು ಎಷ್ಟು ಹೊತ್ತು ಇತ್ತೆಂದು ಕೇಳಿ ನೋಡಿ. "ಐದ ತಾಸು. ಮೊದಲ ಇದ್ದ ನೀರು ಮೋಟರ್ ತಂದದ್ದೇನು?" ಎನ್ನುತ್ತಾರೆ.

ಪಟ್ಟಿ ಬಿದ್ದ ಮರುದಿನ ಕ್ಲಾಸಿನಲ್ಲಿ ಎದ್ದು ನಿಂತು, ನೋಟ್ಸಿನ ಇನ್‌ವರ್ಸ್ ತಪ್ಪು ಎಂದೆ. ಮೂಡಲಗಿಯ ಬಸ್ಸು ಇಳಿದು ಬಂದಿದ್ದ ಸರ್ ಇನ್ನೂ ಬೆವರು ಒರೆಸಿಕೊಳ್ಳುತ್ತಿದ್ದರು.

"ಚರ್ಚಾ ಸ್ಪರ್ಧಾದಾಗ ಕಪ್ ಗೆದ್ದಿ ಅಂತ ಇಲ್ಲೂ ಭಾಷಣ ಸುರು ಮಾಡಬ್ಯಾಡವಾ. ಹನ್ನೆರಡ ಬ್ಯಾಚ್ ಇದನ್ನ ಓದಿ ಪಾಸ್ ಆಗ್ಯಾವ."

ಕ್ಲಾಸು ನಕ್ಕಿತು, ಗೆಳತಿಯೂ ನಕ್ಕಳು. ಹನ್ನೆರಡು ಬ್ಯಾಚು ತಪ್ಪು ಬರೆದರೆ ಅದು ಹನ್ನೆರಡು ಸಲದ ತಪ್ಪು, ಪುರಾವೆಯಲ್ಲ. ಬೋರ್ಡಿಗೆ ಹೋಗಿ ಅವರದೇ ಸಮೀಕರಣದಲ್ಲಿ ಐದು ಇಟ್ಟೆ, ಹದಿಮೂರು ಬಂತು. ಆ ಹದಿಮೂರನ್ನು ಅವರ ಇನ್‌ವರ್ಸಿಗೆ ಕೊಟ್ಟೆ, ಮೂರೂವರೆ ಬಂತು. ಸರ್ ಡಸ್ಟರ್ ಕೈಗೆತ್ತಿಕೊಂಡರು. ನಾನು ಬೋರ್ಡಿನ ಮುಂದಿನಿಂದ ಸರಿಯಲಿಲ್ಲ.

"ನಾ ಕೊಟ್ಟ ಐದು ಎಲ್ಲಿ ಹೋತ್ರಿ, ಸರ್?"