ಒಮ್ಮಿ ಮುಟ್ಟಿ ನೋಡ್ಕೊರಿ

ರೋಣದ ಬಸ್ ಸ್ಟ್ಯಾಂಡಿನಲ್ಲಿ ಕಾಶೀಂಸಾಬನ ಮುಖ ಗುರುತಿರುವವರಿಗಿಂತ ದನಿ ಗುರುತಿರುವವರು ಹೆಚ್ಚು. ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿ ಸೊಂಟ ಹಿಡಿದುಹೋದ ಮೇಲೆ ಅವನನ್ನು ಕಂಟ್ರೋಲರ್ ಅಂತ ಕೋಣೆಯೊಳಗೆ ಕೂರಿಸಿದರು. ಬಂದ ಬಸ್ಸು, ಹೋದ ಬಸ್ಸು ಬರೆದುಕೊಳ್ಳುವುದು, ಮೈಕಿನಲ್ಲಿ ಕೂಗುವುದು, ಇಷ್ಟೇ ಕೆಲಸ. ಕೇಳಿದವರು ಆರಾಮದ ನೌಕರಿ ಅನ್ನುತ್ತಾರೆ. ಬೆಳಿಗ್ಗೆ ಎಂಟರಿಂದ ಗದಗ ಹೋಗುವವರು, ಗಜೇಂದ್ರಗಡ ಹೋಗುವವರು ಅಂತ ಕೂಗಿ ಕೂಗಿ ಗಂಟಲು ಒಣಗಿಸಿಕೊಂಡು, ಸಂಜೆ ಮನೆಗೆ ಹೋಗಿ ಹೆಂಡತಿ ಮುಮತಾಜಬಿಯ ಹತ್ತಿರ ಕೈಸನ್ನೆಯಲ್ಲಿ ಚಹಾ ಕೇಳುವ ಕಾಶೀಂಸಾಬನನ್ನು ಅವರು ನೋಡಿಲ್ಲ.

ಎಂಟು ವರ್ಷದ ಹಿಂದೆ, ಅವನು ಆ ಕೋಣೆಗೆ ಬಂದ ಹೊಸತರಲ್ಲಿ, ನರೇಗಲ್ಲಿನ ಒಬ್ಬ ಮುದುಕಿಯ ಬೋರಮಾಳ ಸರ ಬಸ್ಸಿನ ಬಾಗಿಲಲ್ಲೇ ಹೋಯಿತು. ಆಕೆ ನೆಲಕ್ಕೆ ಕೂತು ಅತ್ತದ್ದನ್ನು ನೋಡಲಾಗದೆ ಕಾಶೀಂಸಾಬ ಅಂದೇ ಒಂದು ಎಚ್ಚರಿಕೆಯ ಮಾತು ಬರೆದ. ಬರೆ ಅಂತ ಯಾರೂ ಹೇಳಿರಲಿಲ್ಲ. ನಾಲ್ಕು ಸಲ ತಿದ್ದಿ, ಮುಮತಾಜಬಿಗೆ ಓದಿ ಹೇಳಿ, ಮರುದಿನದಿಂದ ಕೂಗಲು ಶುರುಮಾಡಿದ.

"ಪ್ರಯಾಣಿಕರ ಗಮನಕ್ಕ. ಬಸ್ಸು ಹತ್ತೋ ಗದ್ದಲದಾಗ ಕಳ್ಳರು ಇರ್ತಾರ. ಬಂಗಾರ ಕೊಳ್ಳಾಗ ಹಾಕ್ಕೊಂಡು ತೋರಸಬ್ಯಾಡ್ರಿ. ನಿಮ್ಮ ನಿಮ್ಮ ಒಡವಿ, ರೊಕ್ಕ, ಒಮ್ಮಿ ಮುಟ್ಟಿ ನೋಡ್ಕೊರಿ."

ಕೊನೆಯ ಮಾತಿನ ಮೇಲೆ ಅವನಿಗೆ ಸ್ವಲ್ಪ ಹೆಚ್ಚೇ ಅಭಿಮಾನ. ಬರೀ ಎಚ್ಚರ ಇರಿ ಅಂದರೆ ಜನ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಾರೆ, ಕೈಗೊಂದು ಕೆಲಸ ಹೇಳಿದರೆ ಮಾಡುತ್ತಾರೆ ಅಂತ ಅವನ ವಿಚಾರ. ಆದರೆ ಅವರು ಮಾಡುತ್ತಾರೋ ಇಲ್ಲವೋ ಅನ್ನುವುದನ್ನು ಅವನು ಎಂದೂ ನೋಡಲಿಲ್ಲ. ಮೈಕಿನ ವೈರು ಗಿಡ್ಡ. ಮೇಜು ಕೋಣೆಯ ಹಿಂದಿನ ಮೂಲೆಯಲ್ಲಿತ್ತು. ಕೂಗುವಾಗ ಅವನ ಮುಖ ಗೋಡೆಗೆ ಅಂಟಿಸಿದ ವೇಳಾಪಟ್ಟಿಯ ಕಡೆ, ಬೆನ್ನು ಜನರ ಕಡೆ. ಕೂಗಿ ಮುಗಿಸಿ, ಸೊಂಟದ ಮೇಲೆ ಕೈಯಿಟ್ಟು ತಿರುಗುವಷ್ಟರಲ್ಲಿ ಜನ ಬಸ್ಸಿಗೆ ಮುತ್ತಿರುತ್ತಿದ್ದರು. ಕಿಟಕಿಯಿಂದ ಟವೆಲ್ಲು ಒಗೆದು ಸೀಟು ಹಿಡಿಯುವವರು, ಚೀಲ ತುರುಕುವವರು, ಕೂಸನ್ನೇ ಒಳಗಿದ್ದವರ ಕೈಗೆ ಕೊಟ್ಟು ಬಾಗಿಲಿಗೆ ಓಡುವವರು. ಹೆಂಗಸರಿಗೆ ಟಿಕೀಟು ಇಲ್ಲ ಅಂತಾದ ಮೇಲಂತೂ ಗದ್ದಲ ದುಪ್ಪಟ್ಟು. ತನ್ನ ಮಾತನ್ನು ಯಾರೂ ಕೇಳುವುದಿಲ್ಲ ಅಂತ ಅವನು ತಿಳಿದುಬಿಟ್ಟ. ಆದರೂ ದಿನಕ್ಕೆ ಹದಿನೈದು ಸಲ ಕೂಗುವುದು ತಪ್ಪಲಿಲ್ಲ.

ಕೇಳುವವಳು ಒಬ್ಬಳಿದ್ದಳು, ಪುರ್ತಗೇರಿಯ ಸಿದ್ದವ್ವ. ಮಗಳು ನಿರ್ಮಲಾಳನ್ನು ನರಗುಂದಕ್ಕೆ ಕೊಟ್ಟಿದ್ದಳು. ಹದಿನೈದು ದಿನಕ್ಕೊಮ್ಮೆ ರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಟಿಕೊಂಡು ಗಜೇಂದ್ರಗಡದ ಮೇಲೆ ಹಾಯ್ದು ರೋಣಕ್ಕೆ ಬಂದಿಳಿಯುವಳು. ಅಲ್ಲಿಂದ ನರಗುಂದದ ಬಸ್ಸಿಗೆ ಇನ್ನೂ ಒಂದು ತಾಸು. ಆ ಒಂದು ತಾಸು ಕಾಶೀಂಸಾಬನ ಕಿಟಕಿಯ ಕೆಳಗಿನ ಕಟ್ಟೆಯೇ ಅವಳ ಜಾಗ. ಅಲ್ಲಿ ಕೂತು ರೇಡಿಯೋ ಕೇಳಿದ ಹಾಗೆ ಅವನ ಕೂಗು ಕೇಳುವಳು. ಕೇಳಿ ತಪ್ಪು ಬೇರೆ ಹುಡುಕುವಳು: ಇವತ್ತು ದನಿ ಬಿದ್ದಿದೆ, ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಿ ಅಂತ. ಒಮ್ಮೆ ಅವನ ಎಚ್ಚರಿಕೆಯನ್ನು ಮೊದಲಿಂದ ಕೊನೆಯ ತನಕ ಬಾಯಿಪಾಠ ಒಪ್ಪಿಸಿ ನಕ್ಕಿದ್ದಳು. ಮೊದಲು ಬಂದಾಗ ಅವಳ ಕೊರಳಲ್ಲಿ ಬಂಗಾರ ಇತ್ತು. ಎರಡನೆಯ ಸಲದಿಂದ ಕರಿಮಣಿ ಬಿಟ್ಟರೆ ಏನೂ ಇಲ್ಲ. ಸಾವಿರ ಜನರಲ್ಲಿ ಒಬ್ಬಳು ಕೇಳಿದರೂ ತಾನು ಕೂಗಿದ್ದು ದಂಡವಲ್ಲ ಅಂತ ಕಾಶೀಂಸಾಬ ಆವತ್ತು ಮನೆಯಲ್ಲಿ ಹೇಳಿಕೊಂಡಿದ್ದ.

ಈ ಸಲ ನಿರ್ಮಲಾಳಿಗೆ ಏಳು ತಿಂಗಳು, ಕುಬಸ. ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ಇಡಿಸಿ, ಉಡಿ ತುಂಬುವ ಕಾರ್ಯಕ್ಕೆ ತವರಿನ ಬುತ್ತಿ ಹೋಗಬೇಕು. ಸಿದ್ದವ್ವನ ಕಡೆಯಿಂದ ಬುತ್ತಿಯ ಜೊತೆ ಒಂದು ಬಂಗಾರದ ಗುಂಡಿನ ಸರವೂ ಹೋಗಬೇಕಿತ್ತು. ಅದನ್ನು ಅವಳ ಅವ್ವ ತನ್ನ ಕುಬಸದಲ್ಲಿ ಹಾಕಿಕೊಂಡಾಗ ಹೊಟ್ಟೆಯಲ್ಲಿದ್ದವಳು ಸಿದ್ದವ್ವ. ಸಿದ್ದವ್ವ ಹಾಕಿಕೊಂಡಾಗ ಹೊಟ್ಟೆಯಲ್ಲಿದ್ದವಳು ನಿರ್ಮಲಾ. ಈಗ ನಿರ್ಮಲಾಳ ಸರದಿ, ಅದೂ ಮದುವೆಯಾಗಿ ಆರು ವರ್ಷ, ಊರವರ ಮಾತು ಕೇಳಿ ಕೇಳಿ ಸಾಕಾದ ಮೇಲೆ ಬಂದ ಸರದಿ. ಆ ಸರ ಮಗಳ ಕೊರಳಿಗೆ ಬಿದ್ದದ್ದನ್ನು ಒಮ್ಮೆ ಕಣ್ಣಾರೆ ನೋಡಬೇಕು, ಬೇರೇನೂ ಬೇಡ ಅನ್ನುತ್ತಿದ್ದಳು ಸಿದ್ದವ್ವ. ಸರವನ್ನು ಬಟ್ಟೆಯಲ್ಲಿ ಸುತ್ತಿ, ಎಲೆಅಡಿಕೆಯ ಸಂಚಿಯ ಒಳಖಾನೆಯಲ್ಲಿಟ್ಟು, ಸಂಚಿಯನ್ನು ಎಡಸೊಂಟಕ್ಕೆ ಸಿಕ್ಕಿಸಿ, ಮೇಲೆ ಸೆರಗು ಬಿಗಿದು ಬಂದಿದ್ದಳು. ಎಲ್ಲಿಟ್ಟಿದ್ದೇನೆ ಅಂತ ಗಂಡ ದ್ಯಾಮಪ್ಪನಿಗೂ ಹೇಳಿರಲಿಲ್ಲ.

ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನರಗುಂದದ ಬಸ್ಸು ಒಳಗೆ ಬಂತು. ಕಾಶೀಂಸಾಬ ಗೋಡೆಗೆ ಮುಖ ಮಾಡಿ ಬಸ್ಸಿನ ಹೆಸರು ಕೂಗಿದ, ಎಚ್ಚರಿಕೆ ಕೂಗಿದ, ರಿಜಿಸ್ಟರಿನಲ್ಲಿ ವೇಳೆ ಬರೆದ. ಬಸ್ಸು ತುಂಬಿ ಹೊರಡುವ ಹೊತ್ತಿಗೆ ಹೊರಗೆ ಸಿದ್ದವ್ವನ ಚೀರಾಟ ಕೇಳಿಸಿತು. ಅವಳ ದನಿ ಅಂತ ಅವನಿಗೆ ಕೂಡಲೇ ತಿಳಿಯಿತು.

ನಡೆದದ್ದು ಇಷ್ಟು. ಬಾಗಿಲ ನೂಕುನುಗ್ಗಲಿನಲ್ಲಿ ಹೆಗಲ ಮೇಲೆ ಮಲಗಿದ ಕೂಸಿದ್ದ ಒಬ್ಬ ಹೆಂಗಸು ಸಿದ್ದವ್ವನ ಮೈಗೆ ಮೈ ಹತ್ತಿ ನಿಂತಿದ್ದಳು. ಕೂಸಿಗೆ ಉಸಿರು ಕಟ್ಟುತ್ತದೆ, ಸ್ವಲ್ಪ ದಾರಿ ಬಿಡಿ ಅಂದಳು. ಬಸುರಿ ಮಗಳ ಕುಬಸಕ್ಕೆ ಹೊರಟ ಸಿದ್ದವ್ವ ದಾರಿ ಬಿಡದಿರುತ್ತಾಳೆಯೇ? ಬುತ್ತಿಯ ಗಂಟನ್ನು ತಲೆಯ ಮೇಲೆತ್ತಿ ಎರಡೂ ಕೈಯಲ್ಲಿ ಹಿಡಿದು ಸರಿದು ನಿಂತಳು. ಆ ಹೆಂಗಸು ಮೆಟ್ಟಿಲು ಹತ್ತಿ, ಇದು ನಮ್ಮ ಬಸ್ಸಲ್ಲ ಅನ್ನುತ್ತ ಹಾಗೇ ಇಳಿದುಹೋದಳು. ಸಿದ್ದವ್ವ ಸೀಟಿನಲ್ಲಿ ಕೂತು ಸೊಂಟ ಮುಟ್ಟಿಕೊಂಡರೆ ಸೀರೆಗೆ ಬ್ಲೇಡಿನ ಗೀರು, ಸಂಚಿಯಿಲ್ಲ. ಡ್ರೈವರು ಯಾರನ್ನೂ ಇಳಿಸದೆ ಬಸ್ಸನ್ನು ನೇರ ಪೊಲೀಸ್ ಠಾಣೆಯ ಮುಂದೆ ನಿಲ್ಲಿಸಿದ. ಎಲ್ಲರ ಚೀಲ ಕೊಡವಿದರು. ತೆಗೆದುಕೊಂಡವಳು ಬಸ್ಸಿನಲ್ಲಿ ಇದ್ದರಲ್ಲವೇ ಸಿಗುವುದು?

ಸಿದ್ದವ್ವ ಆ ದಿನ ಸಂಜೆ ಬುತ್ತಿಯೊಂದನ್ನೇ ಹಿಡಿದು ನರಗುಂದ ಮುಟ್ಟಿದಳು. ಕುಬಸ ನಿಲ್ಲಲಿಲ್ಲ. ಬೀಗತಿ ತನ್ನದೇ ಸರ ಬಿಚ್ಚಿ ಸೊಸೆಗೆ ಹಾಕಿದಳಂತೆ. ಒಳ್ಳೆಯ ಹೆಂಗಸು, ಒಂದು ಮಾತು ಆಡಲಿಲ್ಲವಂತೆ. ಆಡಿದ್ದರೆ ಸಿದ್ದವ್ವನಿಗೆ ಅಳಲಿಕ್ಕಾದರೂ ಬರುತ್ತಿತ್ತು.

ಎರಡು ದಿನ ಬಿಟ್ಟು ಪೇದೆ ಭೀಮೇಶ ಕಾಶೀಂಸಾಬನನ್ನು ಠಾಣೆಗೆ ಕರೆದ. ಬಸ್ ಸ್ಟ್ಯಾಂಡಿನ ಕ್ಯಾಮೆರಾದ ಚಿತ್ರ ನೋಡಿ, ದಿನಾ ಬಂದುಹೋಗುವ ಮುಖ ಯಾವುದು, ಹೊಸ ಮುಖ ಯಾವುದು ಹೇಳಬೇಕಿತ್ತು. ಕಂಪ್ಯೂಟರಿನಲ್ಲಿ ಚಿತ್ರ ಇತ್ತು, ದನಿ ಇರಲಿಲ್ಲ. ಜನ ಕೂತಿದ್ದಾರೆ, ನಿಂತಿದ್ದಾರೆ, ಮಿರ್ಚಿ ತಿನ್ನುತ್ತಿದ್ದಾರೆ. ಬಸ್ಸು ಬರುತ್ತದೆ, ಜನ ಏಳುತ್ತಾರೆ. ಆಮೇಲೆ, ಯಾರೋ ಹಗ್ಗ ಜಗ್ಗಿದ ಹಾಗೆ, ಅಷ್ಟೂ ಜನರ ಕೈ ಒಮ್ಮೆಲೇ ಎದ್ದವು.

ಒಬ್ಬ ಮುದುಕ ಅಂಗಿಯ ಒಳಗಿನ ಕಿಸೆ ಬಡಿದು ನೋಡಿಕೊಂಡ. ಒಬ್ಬಾಕೆ ಸೆರಗಿನೊಳಗೆ ಕೈಯಿಟ್ಟಳು. ಇನ್ನೊಬ್ಬಾಕೆ ಚೀಲದ ತಳ ಹಿಚುಕಿದಳು. ಕಿಟಕಿಯ ಕೆಳಗಿನ ಕಟ್ಟೆಯ ಮೇಲಿದ್ದ ಸಿದ್ದವ್ವ, ಸಾಲಿಯ ಹುಡುಗಿ ಮಾಸ್ತರರ ಮಾತು ಕೇಳಿದ ಹಾಗೆ, ಎಡಸೊಂಟದ ಮೇಲೆ ಪೂರಾ ಅಂಗೈ ಇಟ್ಟು ಒತ್ತಿ ನೋಡಿ ತೆಗೆದಳು. ಅವಳಿಂದ ನಾಲ್ಕು ಮಾರು ಆಚೆ ಕೂಸು ಹೊತ್ತ ಹೆಂಗಸು ನಿಂತಿದ್ದಳು. ಅವಳ ಕೈ ಮಾತ್ರ ಎಲ್ಲಿಗೂ ಹೋಗಲಿಲ್ಲ. ಅವಳು ಉಳಿದವರ ಕೈಗಳನ್ನು ನೋಡುತ್ತಿದ್ದಳು. ನೋಡುತ್ತ ನೋಡುತ್ತ ಅವಳ ತಲೆ ಸಿದ್ದವ್ವನ ಕಡೆ ತಿರುಗಿ ನಿಂತಿತು.

"ಕಾಕಾ, ಎಲ್ಲಾರೂ ಒಮ್ಮಿಗೇ ಯಾಕ ಮೈ ಮುಟ್ಟಿಕೊಂಡ್ರು?" ಭೀಮೇಶ ಕೇಳಿದ.

ಚಿತ್ರದ ಮೂಲೆಯಲ್ಲಿ ವೇಳೆ ಬಿದ್ದಿತ್ತು, ಹನ್ನೊಂದು ಹತ್ತು. ಕಾಶೀಂಸಾಬ ಕನ್ನಡಕ ತೆಗೆದು ಒರೆಸಿದ.

"ನಾ ಹೇಳಿದೆ. ಅದಕ್ಕ ಮುಟ್ಟಿಕೊಂಡ್ರು," ಅಂದ.

ಎಂಟು ವರ್ಷ ಯಾರೂ ಕೇಳುವುದಿಲ್ಲ ಅಂದುಕೊಂಡಿದ್ದ. ಎಲ್ಲರೂ ಕೇಳುತ್ತಿದ್ದರು. ಕಳ್ಳರೂ ಕೇಳುತ್ತಿದ್ದರು. ಯಾರದು ಎಲ್ಲಿದೆ ಅಂತ ಹುಡುಕುವ ತ್ರಾಸು ಅವರಿಗಿರಲಿಲ್ಲ, ದಿನಕ್ಕೆ ಹದಿನೈದು ಸಲ ಕಾಶೀಂಸಾಬ ಜನರ ಕೈಯಿಂದಲೇ ತೋರಿಸಿಕೊಡುತ್ತಿದ್ದ. ಈ ಎಂಟು ವರ್ಷದಲ್ಲಿ ಹೋದ ಒಂದೊಂದು ಸರ, ಒಂದೊಂದು ಪಾಕೀಟು ಅವನಿಗೆ ನೆನಪಿಗೆ ಬಂತು. ಅವನ ಮಾತು ಕೇಳದೆ ಕೊರಳಲ್ಲೇ ಸರ ಹಾಕಿಕೊಂಡು ನಿಂತ ಎಷ್ಟೋ ಮಂದಿ ಸುಖವಾಗಿ ಮನೆ ಮುಟ್ಟಿದ್ದರು. ಕೇಳಿದವಳದು ಹೋಯಿತು.

ಮನೆಯಲ್ಲಿ ಮುಮತಾಜಬಿ ಸಮಾಧಾನ ಹೇಳಿದಳು. ನೀವೇನು ಕಳವು ಮಾಡಿದಿರಾ, ಕಳ್ಳರಿಗೆ ಹೇಳಿಕೊಟ್ಟಿರಾ ಅಂದಳು. ಹೇಳಿಕೊಟ್ಟಿಲ್ಲ, ತೋರಿಸಿಕೊಟ್ಟಿದ್ದೇನೆ ಅಂದ ಅವನು. ಊಟದ ತಾಟು ಹಾಗೇ ಇತ್ತು. ಇಪ್ಪತ್ತೆರಡು ವರ್ಷ ಸ್ಟೇರಿಂಗ್ ಹಿಡಿದಾಗ ಒಂದು ನಾಯಿಯ ಮೇಲೂ ಬಸ್ಸು ಹಾಯಿಸದವನು ಗೋಡೆಗೆ ಮುಖ ಮಾಡಿ ಕೂತು ಇಷ್ಟು ಮಂದಿಯನ್ನು ಹಾಳು ಮಾಡಿದೆನಲ್ಲ ಅನ್ನುವುದು ಅವನ ಎದೆಯಿಂದ ಇಳಿಯಲೇ ಇಲ್ಲ. ಮರುದಿನದಿಂದ ಬಸ್ಸಿನ ಹೆಸರಷ್ಟೇ ಕೂಗಿದ. ಎಚ್ಚರಿಕೆ ಯಾಕೆ ನಿಂತಿತು ಅಂತ ಚಹಾದಂಗಡಿಯವನು ಕೇಳಿದ, ಹಣ್ಣು ಮಾರುವವಳು ಕೇಳಿದಳು. ಗಂಟಲು ಕೆಟ್ಟಿದೆ ಅಂತ ಎಲ್ಲರಿಗೂ ಅದೇ ಸುಳ್ಳು ಹೇಳಿದ.

ಹನ್ನೆರಡು ದಿನದ ಮೇಲೆ ಭೀಮೇಶ ಒಂದು ಯುಕ್ತಿ ಹಿಡಿದು ಬಂದ. ಮೈಕಿನ ವೈರು ಉದ್ದ ಮಾಡಿಸಿ ಮೇಜನ್ನು ಕಿಟಕಿಗೆ ತರೋಣ. ಸಂತೆಯ ದಿನ ಅದೇ ಎಚ್ಚರಿಕೆಯನ್ನು ಅದೇ ದನಿಯಲ್ಲಿ ಕೂಗಿ. ನಾನು ಅಂಗಿ ಬದಲಿಸಿ ಜನರೊಳಗೆ ನಿಂತಿರುತ್ತೇನೆ. ಯಾರ ಕೈ ಏಳುವುದಿಲ್ಲವೋ ಅವರು ಎಲ್ಲಿದ್ದಾರೆ ಅಂತ ಫೋನಿನಲ್ಲಿ ಹೇಳಿ ಅಂದ. ಕಾಶೀಂಸಾಬ ಆಗಲ್ಲ ಅಂದ. ಆ ಮಾತು ಇನ್ನು ಬಾಯಲ್ಲಿ ಬರುವುದಿಲ್ಲ ಅಂದ. ಕಡೆಗೆ ಸಿದ್ದವ್ವನ ಸರ ಸಿಕ್ಕರೆ ಇದರಿಂದಲೇ ಸಿಗಬೇಕು ಅಂತ ಭೀಮೇಶ ಹೇಳಿದ ಮೇಲೆ ಹೂಂ ಅಂದ.

ಸಂತೆಯ ದಿನ ನರಗುಂದದ ಬಸ್ಸು ಒಳಗೆ ಬಂದಾಗ ಕಾಶೀಂಸಾಬ ಮೊದಲ ಸಲ ಜನರನ್ನು ನೋಡುತ್ತ ಕೂಗಿದ. ದನಿ ಎರಡು ಕಡೆ ಒಡೆಯಿತು. ಒಮ್ಮಿ ಮುಟ್ಟಿ ನೋಡ್ಕೊರಿ ಅಂದದ್ದೇ ತಡ, ಕೈಗಳು ಎದ್ದವು. ಎಷ್ಟು ನಂಬಿಕೆಯ ಜನ ಅಂದುಕೊಂಡ. ಆದರೂ ಕಣ್ಣು ಬಿಟ್ಟು ಹುಡುಕಿದ. ದೂರದಲ್ಲಿ, ಬೇವಿನ ಗಿಡದ ಬುಡದಲ್ಲಿ, ತಲೆ ತುಂಬ ಸೆರಗು ಹೊದ್ದು ಆಚೆ ಮುಖ ಮಾಡಿ ನಿಂತ ಒಬ್ಬ ಹೆಂಗಸಿನ ಎರಡೂ ಕೈ ಇಳಿಬಿದ್ದಿದ್ದವು. ಒಂದಿಷ್ಟೂ ಅಲುಗಲಿಲ್ಲ.

"ಬೇವಿನ ಗಿಡದ ಹಂತೇಕ, ನೀಲಿ ಇಳಕಲ್ ಸೀರಿ. ಲಗೂ ಹೋಗು," ಅಂತ ಫೋನಿನಲ್ಲಿ ಹೇಳಿದ.

ಭೀಮೇಶ ಹೋಗಿ ಅವಳ ಚೀಲ ಹಿಡಿದ. ಸುತ್ತಲಿನವರು ಸರಿದು ನಿಂತು, ಕಳ್ಳಿ ಸಿಕ್ಕಳು ಅಂತ ಮಾತಾಡಿಕೊಂಡರು. ಚೀಲ ಬಿಚ್ಚಿದರೆ ರೊಟ್ಟಿಯ ಗಂಟು. ಹೆಂಗಸು ಗಾಬರಿಯಾಗಿ ಈ ಕಡೆ ತಿರುಗಿದಳು. ಸಿದ್ದವ್ವ.

ಕಾಶೀಂಸಾಬ ಮೈಕು ಆರಿಸುವುದನ್ನೂ ಮರೆತು, ಸೊಂಟ ಹಿಡಿದುಕೊಂಡು ಇಳಿದು ಹೋದ. ಭೀಮೇಶ ತಪ್ಪಾಯಿತವ್ವ ಅಂತ ಕೈಮುಗಿದು ಹಿಂದೆ ಸರಿದ. ಕಟ್ಟೆಯ ಹತ್ತಿರ ಯಾಕೆ ಬರಲಿಲ್ಲ ಅಂತ ಕಾಶೀಂಸಾಬ ಕೇಳಿದ್ದಕ್ಕೆ, ಇಷ್ಟು ವರ್ಷ ನೀವು ಹೇಳಿದರೂ ಕಳೆದುಕೊಂಡೆ, ನಿಮಗೆ ಮುಖ ತೋರಿಸಲು ನಾಚಿಕೆಯಾಯಿತು ಅಂದಳು.

"ನೀವು ಕೂಗಿದ್ದು ಕೇಳಿಸ್ತ್ರಿ ಅಣ್ಣಾರ. ಮುಟ್ಟಿ ನೋಡ್ಕೊಳ್ಳಾಕ ಏನೂ ಇರಲಿಲ್ಲ, ಸುಮ್ನ ನಿಂತೆ."

ಕಾಶೀಂಸಾಬ ಅವಳ ಎದುರು ಗಿಡದ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಹೇಳಿದ. ಗೋಡೆ, ಗಿಡ್ಡ ವೈರು, ಠಾಣೆಯಲ್ಲಿ ನೋಡಿದ ಕೈಗಳು, ಆ ಕೂಸಿನ ಹೆಂಗಸು ಯಾರ ಕೈ ನೋಡಿದಳು ಅನ್ನುವುದು, ಒಂದನ್ನೂ ಮುಚ್ಚಿಡಲಿಲ್ಲ. ಸಿದ್ದವ್ವ ಯಾವಾಗಲೂ ಕೇಳುವ ಹಾಗೆಯೇ ಕೊನೆಯ ತನಕ ಕೇಳಿದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಹಂಗಾದ್ರ, ನಿಮ್ಮ ಮಾತು ನಾ ಕೇಳದಿದ್ರ ಅವ್ವನ ಸರ ಉಳೀತಿತ್ತನ್ರಿ?"

"ಉಳೀತಿತ್ತು, ತಂಗಿ."

ನರಗುಂದದ ಬಸ್ಸಿನ ಡ್ರೈವರು ಹಾರ್ನ್ ಹೊಡೆದ. ಸಿದ್ದವ್ವ ರೊಟ್ಟಿಯ ಗಂಟು ಕಟ್ಟಿಕೊಂಡು ನಡೆದಳು, ಅವನು ಹಿಂದೆ ಹೋದ. ಬಾಗಿಲಿಗೆ ಅಡ್ಡ ಕೈ ಹಿಡಿದು ನಿಂತು ಒಬ್ಬೊಬ್ಬರನ್ನೇ ಹತ್ತಿಸಿದ. ಬೈದವರು ಬೈದರು, ನೂಕಿದವರು ನೂಕಿದರು, ಸೊಂಟದ ನೋವಿಗೆ ಅವನ ಕಣ್ಣಲ್ಲಿ ನೀರು ಬಂತು. ಸಿದ್ದವ್ವ ಕಿಟಕಿಯ ಪಕ್ಕದಲ್ಲಿ ಕೂತಳು, ಅವನ ಕಡೆ ನೋಡಲಿಲ್ಲ. ಅಷ್ಟರಲ್ಲಿ ಗದಗದ ಬಸ್ಸು ಬಂದು, ಯಾರೂ ಹೆಸರು ಕೂಗದೆಯೇ ಹೊರಟುಹೋಯಿತು.